ಸಿಂಗಪುರ–ಬ್ಯಾಂಕಾಕ್ ವಿಮಾನ: ದೂರ, ಸಮಯ ನಾನು ಲೆಕ್ಕ ಹಾಕುವ ಬಗೆ

ಬೆಳಿಗ್ಗೆ 9:30ಕ್ಕೆ ಸಿಂಗಪುರ ಬಿಟ್ಟು 11:00ಕ್ಕೆ ಬ್ಯಾಂಕಾಕ್ ತಲುಪುತ್ತದೆ ಎಂದು ಟಿಕೆಟ್ಟಿನಲ್ಲಿದ್ದರೆ, ಅದು ಒಂದೂವರೆ ಗಂಟೆಯ ಪ್ರಯಾಣವಲ್ಲ, ಎರಡೂವರೆ ಗಂಟೆಯದು. ಬ್ಯಾಂಕಾಕಿನ ಗಡಿಯಾರ ಒಂದು ಗಂಟೆ ಹಿಂದಿದೆ. ವಾಪಸ್ ಬರುವಾಗ ಅದೇ ಪ್ರಯಾಣ ಮೂರೂವರೆ ಗಂಟೆಯಂತೆ ಕಾಣುತ್ತದೆ. ನಾನು ಎರಡನ್ನೂ ನಮ್ಮ ಭಾರತದ ಸಮಯಕ್ಕೆ ಇಳಿಸಿಕೊಳ್ಳುತ್ತೇನೆ: ಸಿಂಗಪುರದ ಗಂಟೆಯಿಂದ ಎರಡೂವರೆ, ಬ್ಯಾಂಕಾಕಿನದರಿಂದ ಒಂದೂವರೆ ಕಳೆದರೆ 7:00 ಮತ್ತು 9:30. ಊರಿಗೆ ಫೋನ್ ಮಾಡುವ ಹೊತ್ತೂ ಇದರಲ್ಲೇ ಸಿಗುತ್ತದೆ.

ದೂರವನ್ನು ಕಾಗದದ ಮೇಲೇ ತೆಗೆಯಬಹುದು. ಸಿಂಗಪುರದ ವಿಮಾನ ನಿಲ್ದಾಣ ಚಾಂಗಿ ಇರುವುದು 1.36 ಡಿಗ್ರಿ ಉತ್ತರ, 103.99 ಡಿಗ್ರಿ ಪೂರ್ವದಲ್ಲಿ; ಬ್ಯಾಂಕಾಕಿನ ನಿಲ್ದಾಣ ಸುವರ್ಣಭೂಮಿ 13.69 ಉತ್ತರ, 100.75 ಪೂರ್ವದಲ್ಲಿ. ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಅಕ್ಷಾಂಶದ ವ್ಯತ್ಯಾಸ 12.33, ಅದನ್ನು 111ರಿಂದ ಗುಣಿಸಿದರೆ ಸುಮಾರು 1,369 ಕಿ.ಮೀ. ರೇಖಾಂಶದ್ದು 3.24, ಅದನ್ನು 111ರಿಂದ ಗುಣಿಸಿ, ನಡುವಿನ ಅಕ್ಷಾಂಶವಾದ ಏಳೂವರೆ ಡಿಗ್ರಿಯ ಕೊಸೈನ್ 0.991ರಿಂದ ಮತ್ತೆ ಗುಣಿಸಿದರೆ 356. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1,415 ಕಿ.ಮೀ. ಆಸುಪಾಸು ಬರುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಇಂಥ ಚಿಕ್ಕ ದೂರಗಳಿಗೆ ಇಷ್ಟು ಸಾಕು. ಸಿಂಗಪುರ–ಲಂಡನ್‌ಗೆ ಇದೇ ಲೆಕ್ಕ ಹಾಕಿದರೆ ತಪ್ಪುತ್ತದೆ.

ಗಂಟೆಗೆ 840 ಕಿ.ಮೀ. ವೇಗದಲ್ಲಿ ಇದು 1 ಗಂಟೆ 41 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ, ವಾಯುಮಾರ್ಗವೂ ನೇರ ಗೆರೆಯಲ್ಲ. ಅದಕ್ಕೆ 20 ನಿಮಿಷ. ಎರಡೂ ಕಡೆ ನೆಲದ ಮೇಲಿನ ಓಡಾಟಕ್ಕೆ ಇನ್ನೊಂದು 20–25. ಹೀಗೆ 2 ಗಂಟೆ 20 ನಿಮಿಷದಿಂದ ಎರಡೂವರೆ ಗಂಟೆ. ದಾರಿ ಬಹುಪಾಲು ಉತ್ತರ–ದಕ್ಷಿಣವಾದ್ದರಿಂದ ಗಾಳಿಯ ಪರ–ವಿರೋಧ ಹೆಚ್ಚು ತಟ್ಟುವುದಿಲ್ಲ, ಹೋಗಿಬರುವ ಅವಧಿ ಹೆಚ್ಚುಕಮ್ಮಿ ಒಂದೇ. ತಡವಾಗುವುದು ಗುಡುಗು ಮಳೆಯಿಂದ. ಚಾಂಗಿಯಲ್ಲಿ ಸಿಡಿಲಿನ ಎಚ್ಚರಿಕೆ ಇದ್ದಾಗ ನೆಲದ ಸಿಬ್ಬಂದಿ ಲಗೇಜು ತುಂಬುವ ಕೆಲಸ ನಿಲ್ಲಿಸುತ್ತಾರೆ, ವಿಮಾನ ನಿಂತಲ್ಲೇ ಕಾಯಬೇಕು. ಅದಕ್ಕೇ ಮುಂದೆ ಬೇರೆ ವಿಮಾನ ಹಿಡಿಯಬೇಕಿದ್ದರೆ ನಾನು ಕನಿಷ್ಠ ನಾಲ್ಕು ಗಂಟೆ ಅಂತರ ಇಡುತ್ತೇನೆ.

ಬ್ಯಾಂಕಾಕಿನಲ್ಲಿ ವಿಮಾನ ನಿಲ್ದಾಣ ಎರಡು, ಈ ಎಚ್ಚರ ತಪ್ಪಿದರೆ ದೊಡ್ಡ ಪೆಟ್ಟು. ಟಿಕೆಟ್ಟಿನಲ್ಲಿ ಬಿಕೆಕೆ ಎಂದಿದ್ದರೆ ಸುವರ್ಣಭೂಮಿ, ಡಿಎಂಕೆ ಎಂದಿದ್ದರೆ ಡಾನ್ ಮುಯಾಂಗ್. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡಬೇಕಾದರೆ ರಸ್ತೆಯಲ್ಲೇ ಒಂದು ಗಂಟೆಗೂ ಹೆಚ್ಚು ಬೇಕು, ಸಂಜೆಯಾದರೆ ಎರಡು.

ಚಾಂಗಿಯ 1, 2, 3ನೇ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ಗೇಟಿನ ಬಾಗಿಲಲ್ಲೇ ಇರುತ್ತದೆ, ಅಂಗಡಿ ನೋಡುತ್ತ ಕೊನೆಗಳಿಗೆಗೆ ಹೋದರೆ ಅಲ್ಲಿ ಸಾಲು ಕಾದಿರುತ್ತದೆ. ಮನೆಯಿಂದ ಹೋಟೆಲಿಗೆ ಒಟ್ಟು ಏಳು ಗಂಟೆ ಹಿಡಿದುಕೊಳ್ಳಿ. ಸುವರ್ಣಭೂಮಿಯಿಂದ ನಗರದೊಳಗಿನ ಫಾಯಾ ಥಾಯ್‌ವರೆಗೆ ಏರ್‌ಪೋರ್ಟ್ ರೈಲು ಅರ್ಧ ಗಂಟೆಯಲ್ಲಿ ತಲುಪಿಸುತ್ತದೆ. ನಡುರಾತ್ರಿ ಹೊತ್ತಿಗೆ ಅದು ನಿಲ್ಲುತ್ತದೆ, ಆಮೇಲೆ ಟ್ಯಾಕ್ಸಿಯೇ ಗತಿ.