ಸಂಬಳದಲ್ಲಿ ಪಾತ್ರೆಯ ತೂಕ ಎಷ್ಟು? ನನ್ನ ಅನುಭವ

14 ತಿಂಗಳ ಹಿಂದೆ ನಾನು ಜಾಸ್ತಿ ಸಂಬಳದ ಕೆಲಸ ಬಿಟ್ಟು, ಕಡಿಮೆ ಸಂಬಳದ ಹಳೆಯ ಕೆಲಸಕ್ಕೇ ವಾಪಸ್ ಬಂದೆ. ಆಗ ಎಲ್ಲರದ್ದೂ ಒಂದೇ ಮಾತು: "ಮೂರು ತಿಂಗಳು ನೋಡು, ಆಮೇಲೆ ನೀನೇ ಕೈ ಕೈ ಹಿಸುಕಿಕೊಳ್ಳುತ್ತೀಯ." ಅಕ್ಕ ಹೇಳಿದಳು. ಜೊತೆಗೆ ಕೆಲಸ ಮಾಡುತ್ತಿದ್ದವರು ಹೇಳಿದರು. ನಮ್ಮ ಮನೆಯವರು ಬಾಯಿ ಬಿಟ್ಟು ಹೇಳಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಈಗ ನೋಡಿ, ಸಾಲ ಮಾಡಿಲ್ಲ. ಕೂಡಿಟ್ಟ ದುಡ್ಡಿಗೆ ಕೈ ಹಾಕಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆಯೊಳಗೆ ಶುರುವಾಗುತ್ತಿದ್ದ ಸಂಕಟ ನಿಂತುಹೋಗಿದೆ. ನಾನು ಲೆಕ್ಕ ಹಾಕಿದ ರೀತಿ ಸರಿಯಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ತೂಕದ ಯಂತ್ರಗಳ ರಿಪೇರಿ ಮತ್ತು ಕ್ಯಾಲಿಬ್ರೇಷನ್, ಅಂದರೆ ಅವು ಸರಿಯಾದ ತೂಕ ತೋರಿಸುತ್ತವೆಯಾ ಅಂತ ಪರೀಕ್ಷಿಸುವುದು. ಲ್ಯಾಬುಗಳಲ್ಲಿ ಗಾಜಿನ ಗೂಡಿನೊಳಗೆ ಇರುತ್ತದಲ್ಲ, ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲನ್ನೂ ತೋರಿಸುವ ಬ್ಯಾಲೆನ್ಸ್, ಅದು. 200 ಗ್ರಾಂನ ತೂಕದ ಬಟ್ಟನ್ನು ಚಿಮಟದಲ್ಲಿ ಹಿಡಿದು ತಟ್ಟೆಯ ನಡುವೆ ಇಡಬೇಕು. ಬರಿಗೈಲಿ ಮುಟ್ಟುವ ಹಾಗಿಲ್ಲ, ಬೆರಳಿನ ಗುರುತಿಗೂ ತೂಕ ಇದೆ. ಬಾಗಿಲು ಮುಚ್ಚುತ್ತೇನೆ. ಕೊನೆಯ ಎರಡು ಅಂಕಿಗಳು ಓಡುತ್ತಿರುತ್ತವೆ, ನಿಧಾನವಾಗುತ್ತವೆ, ನಿಲ್ಲುತ್ತವೆ. ಅದು ನಿಲ್ಲುವ ಹೊತ್ತು ನನಗೆ ತುಂಬಾ ಇಷ್ಟ. 9 ವರ್ಷ ಮಾಡಿದ ಮೇಲೂ ಆ ಇಷ್ಟ ಹಾಗೇ ಇತ್ತು.

ಆಮೇಲೆ ದೊಡ್ಡ ಕಂಪನಿಯೊಂದರಿಂದ ಆಫರ್ ಬಂತು. ಅದೇ ಯಂತ್ರಗಳು, ಆದರೆ ಮುಟ್ಟುವ ಕೆಲಸ ಇಲ್ಲ. ಸರ್ವಿಸ್ ಕಾಂಟ್ರಾಕ್ಟು, ಟಾರ್ಗೆಟ್ಟು, ಆರು ಜನರ ತಂಡ. ಸಂಬಳ 60% ಜಾಸ್ತಿ. ನಾನು ಎರಡು ದಿನವೂ ಯೋಚಿಸಲಿಲ್ಲ, ಸಹಿ ಹಾಕಿದೆ. ಇಷ್ಟೊಂದು ಜಾಸ್ತಿ ಯಾಕೆ ಕೊಡುತ್ತಿದ್ದಾರೆ ಅಂತ ಕೇಳಿಕೊಳ್ಳಲೇ ಇಲ್ಲ. ಕೆಲಸ ಹಿತವಾಗಿಲ್ಲದಿದ್ದರೆ ಕೂಲಿ ಏರುತ್ತದೆ ಅಂತ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದಾರೆ. ನನಗೆ ಅದು ಅರ್ಥವಾಗಲು ಎರಡೂವರೆ ವರ್ಷ ಬೇಕಾಯಿತು.

ಬಿಡಬೇಕಾ, ಇರಬೇಕಾ ಅಂತ ಯೋಚನೆ ಶುರುವಾದಾಗ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಗೆಳೆಯ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಇದೇ ಉಪಾಯ ಹೇಳಿದ್ದಾರೆ. ಮೂರ್ನಾಲ್ಕು ದಿನ ಬಿಟ್ಟು ಬಿಟ್ಟು ಬರೆಯಿರಿ, ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದು ಹಾಕಿ, ಉಳಿದದ್ದನ್ನು ನೋಡಿ ಅಂತ. ನಾನು ನಾಲ್ಕು ಸಲ ಮಾಡಿದೆ. ಬೈಸಿಕೊಂಡು ಬಂದ ದಿನ ಬರೆದರೆ ಬಿಡು ಅನ್ನುತ್ತಿತ್ತು, ಸಂಬಳ ಬಂದ ದಿನ ಬರೆದರೆ ಇರು ಅನ್ನುತ್ತಿತ್ತು. ಒಂದೇ ಬಟ್ಟನ್ನು ನಾಲ್ಕು ಸಲ ಇಟ್ಟು ನಾಲ್ಕು ಬೇರೆ ಬೇರೆ ತೂಕ ತೋರಿಸುವ ಯಂತ್ರವನ್ನು ನಾನು ಪಾಸ್ ಮಾಡುವುದಿಲ್ಲ. ಈ ಪಟ್ಟಿಯನ್ನೂ ಬಿಟ್ಟೆ.

ಎರಡನೇ ಪ್ರಯತ್ನ, ದಿನಾ ರಾತ್ರಿ ಆ ದಿನಕ್ಕೆ ಹತ್ತರಲ್ಲಿ ಇಷ್ಟು ಅಂತ ಮಾರ್ಕು ಕೊಡುವುದು. ಸುಮಾರು ಐದು ವಾರ ಕೊಟ್ಟೆ. ಆಮೇಲೆ ನೋಡಿದರೆ ಆ ಮಾರ್ಕು ಇಡೀ ದಿನದ್ದಾಗಿರಲಿಲ್ಲ, ಕೊನೆಯ ಅರ್ಧ ಗಂಟೆಯದ್ದಾಗಿತ್ತು. ಇಡೀ ದಿನ ಚೆನ್ನಾಗಿದ್ದು, ರಾತ್ರಿ ಹತ್ತೂಮುಕ್ಕಾಲಿಗೆ ಟಾರ್ಗೆಟ್ ಶೀಟಿನ ಬಗ್ಗೆ ಫೋನ್ ಬಂದರೆ 3. ಇಡೀ ದಿನ ಹಾಳಾಗಿ, ಕೊನೆಯಲ್ಲಿ ಯಾರಾದರೂ ಒಂದು ಒಳ್ಳೆ ಮಾತು ಆಡಿದರೆ 7. ಐದು ವಾರದ ಶ್ರಮ ಸುಮ್ನೆ ಹೋಯಿತು.

ಆಗ ಕಣ್ಣಿಗೆ ಬಿದ್ದದ್ದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರ 2004ರ ಅಧ್ಯಯನ. ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರಿಗೆ ಅವರು ನಿನ್ನೆಯ ದಿನವನ್ನು ತುಂಡು ತುಂಡಾಗಿ ನೆನಪಿಸಿಕೊಂಡು, ಪ್ರತಿ ತುಂಡಿನಲ್ಲೂ ಹೇಗನ್ನಿಸಿತು ಅಂತ ಬರೆಯಲು ಹೇಳಿದ್ದರು. ಕೆಲಸಕ್ಕೆ ಓಡಾಡುವ ಹೊತ್ತಿಗೆ ಅಲ್ಲಿ ತೀರಾ ಕಡಿಮೆ ಮಾರ್ಕು ಬಿದ್ದಿತ್ತು. ನನಗೆ ಬೇಕಾಗಿದ್ದದ್ದು ಇದೇ. ದಿನಕ್ಕಲ್ಲ, ತುಂಡಿಗೆ ಮಾರ್ಕು ಕೊಡಬೇಕು.

ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ದಿನಕ್ಕೆ 10-12 ತುಂಡು. ಪ್ರತಿ ತುಂಡಿಗೆ ಎಷ್ಟು ನಿಮಿಷ, ಎದುರಿಗೆ ಒಂದು ಪ್ಲಸ್ ಅಥವಾ ಮೈನಸ್ ಅಥವಾ ಸೊನ್ನೆ. ಅಷ್ಟೇ. ಮೂರಕ್ಕಿಂತ ಜಾಸ್ತಿ ಗುರುತು ಇಟ್ಟರೆ ಎರಡನೇ ವಾರಕ್ಕೆ ಕೈ ಬಿಡುತ್ತೀರಿ, ನಾನೇ ಬಿಟ್ಟಿದ್ದೆ. 8 ವಾರ ಬರೆದೆ. ವಾರಕ್ಕೆ ಆಫೀಸಿನಲ್ಲಿ 52 ಗಂಟೆ, ಓಡಾಟ 8, ಮನೆಯಲ್ಲಿ ಫೋನು ಮತ್ತು ಶೀಟು 6. ಒಟ್ಟು 66 ಗಂಟೆ. ಅದರಲ್ಲಿ ಪ್ಲಸ್ ಬಿದ್ದದ್ದು 8 ಗಂಟೆಯ ಆಸುಪಾಸು. ಆ 8ರಲ್ಲಿ ಮುಕ್ಕಾಲು ಪಾಲು ಹೊಸ ಹುಡುಗರಿಗೆ ಯಂತ್ರ ಬಿಚ್ಚಿ ತೋರಿಸುವಾಗ ಬಿದ್ದದ್ದು. ಅದು ನನ್ನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ನಾನು ಏಟು ತಿಂದಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಾತ್ರೆಯಲ್ಲಿಟ್ಟು ತೂಗಿದರೆ ಮೊದಲು ಪಾತ್ರೆಯ ತೂಕ ಕಳೆಯಬೇಕು. ನಾವು ರಿಪೇರಿಗೆ ಕೂರುವ ಬೆಂಚಿನಲ್ಲಿ ಇದಕ್ಕೆ ಟೇರ್ ಒತ್ತುವುದು ಅನ್ನುತ್ತೇವೆ. ಸಂಬಳಕ್ಕೂ ಪಾತ್ರೆ ಇದೆ. ಆ ಕೆಲಸ ಇಲ್ಲದಿದ್ದರೆ ಆಗದೇ ಇರುತ್ತಿದ್ದ ಖರ್ಚೆಲ್ಲ ಪಾತ್ರೆ: ಓಡಾಟ, ಸುಸ್ತಾಗಿ ಹೊರಗೆ ತಿನ್ನುವುದು, ಆಫೀಸಿಗೆ ಅಂತ ಬಟ್ಟೆ, ಮನೆಗೆಲಸಕ್ಕೆ ಇಟ್ಟುಕೊಂಡ ಸಹಾಯ. ಎಲ್ಲಕ್ಕಿಂತ ದೊಡ್ಡದು, ಇಷ್ಟು ಕಷ್ಟಪಟ್ಟಿದ್ದೇನೆ ಅಂತ ಸಮಾಧಾನಕ್ಕೆ ಕೊಳ್ಳುವುದು. ಆ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಸ್ಟೇಟ್‌ಮೆಂಟಿನಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಎಲ್ಲವೂ ಶುಕ್ರವಾರ ರಾತ್ರಿಯ ಖರ್ಚು.

ಹಳೆಯ ಕೆಲಸದಲ್ಲಿ ಕೈಗೆ ಬರುತ್ತಿದ್ದದ್ದು 100 ಅಂತ ಇಟ್ಟುಕೊಳ್ಳಿ. ಪಾತ್ರೆ 6. ಉಳಿದದ್ದು 94. ವಾರಕ್ಕೆ ಓಡಾಟ ಸೇರಿ 49 ಗಂಟೆ. ಹೊಸ ಕೆಲಸದಲ್ಲಿ ಕಾಗದದ ಮೇಲೆ 60% ಜಾಸ್ತಿ ಇದ್ದರೂ ತೆರಿಗೆ ಕಳೆದು ಕೈಗೆ ಬಂದದ್ದು 145. ಪಾತ್ರೆ 20. ಉಳಿದದ್ದು 125. ಗಂಟೆ 66. ಭಾಗಿಸಿ ನೋಡಿ. ಎರಡೂ 1.9ರ ಹತ್ತಿರ ಬರುತ್ತವೆ. ನಾನು ಮೂರು ಸಲ ಭಾಗಿಸಿದೆ, ತಪ್ಪಿರಬೇಕು ಅಂತ. ತಪ್ಪಿರಲಿಲ್ಲ. ನನ್ನ ಒಂದು ಗಂಟೆಗೆ ಒಂದು ಕಾಸೂ ಜಾಸ್ತಿ ಸಿಗುತ್ತಿರಲಿಲ್ಲ. ಬರೀ ಗಂಟೆಗಳನ್ನು ಜಾಸ್ತಿ ಮಾರುತ್ತಿದ್ದೆ. ಅದೂ ಮೈನಸ್ ಬಿದ್ದ ಗಂಟೆಗಳನ್ನು.

ಆ ಹಾಳೆಯನ್ನು ನಮ್ಮ ಮನೆಯವರಿಗೆ ತೋರಿಸಿದೆ. "ಸರಿ, ಆದರೆ ತಿಂಗಳ ಕೊನೆಗೆ ಗಂಟೆ ತಿನ್ನೋಕಾಗುತ್ತಾ? ಬರೋದು ಕಡಿಮೆಯಾಗುತ್ತಲ್ಲ" ಅಂದರು. ನ್ಯಾಯವಾದ ಮಾತು. ನಾನು ದುಡ್ಡು ಮುಖ್ಯ ಅಲ್ಲ ಅನ್ನುವವಳಲ್ಲ. ದುಡ್ಡು ಒಂದು ಮಟ್ಟ ದಾಟಿದ ಮೇಲೆ ಸಂತೋಷ ಹೆಚ್ಚುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ, 2010ರ ಒಂದು ಅಧ್ಯಯನದ ಬಲದ ಮೇಲೆ. ಆದರೆ ಅದನ್ನು ಬರೆದ ಕಾನೆಮನ್ ಅವರೇ 2023ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್, ಬಾರ್ಬರಾ ಮೆಲ್ಲರ್ಸ್ ಜೊತೆ ಸೇರಿ ಲೆಕ್ಕ ತಿದ್ದಿದರು: ಹೆಚ್ಚಿನವರಿಗೆ ವರಮಾನದ ಜೊತೆ ಸಂತೋಷವೂ ಏರುತ್ತಲೇ ಹೋಗುತ್ತದೆ, ತೀರಾ ಬೇಸರದಲ್ಲಿರುವ 20% ಜನರಿಗೆ ಮಾತ್ರ ಒಂದು ಮಟ್ಟದ ಮೇಲೆ ನಿಂತುಬಿಡುತ್ತದೆ. ಹಾಗಾಗಿ ಸುಲಭದ ಮಾತು ನಂಬಿ ಕೆಲಸ ಬಿಡಬೇಡಿ. ಬಿಡುವ ಮುಂಚೆ ಕಡಿಮೆ ದುಡ್ಡಿನಲ್ಲಿ ಬದುಕಿ ನೋಡಿ.

ನಾನು ಅದನ್ನೇ ಮಾಡಿದೆ. ಜಾಸ್ತಿ ಸಂಬಳ ಬರುತ್ತಿರುವಾಗಲೇ ತಿಂಗಳ ಮೊದಲ ದಿನ 45ನ್ನು ಬೇರೆ ಖಾತೆಗೆ ಹಾಕಿ, ಉಳಿದ 100ರಲ್ಲಿ ಸಂಸಾರ ನಡೆಸುವುದು. ಎರಡನೇ ತಿಂಗಳಿಗೇ ಮುಗ್ಗರಿಸಿದೆ. ಹಲ್ಲಿನ ಚಿಕಿತ್ಸೆ ಬಂತು, ಅದೇ ವಾರ ಇನ್ಶೂರೆನ್ಸ್ ಕಂತು ಬಂತು. ಬೇರೆ ಖಾತೆಯಿಂದ ತೆಗೆಯಬೇಕಾಯಿತು. ಅಕ್ಕನಿಗೆ ಹೇಳಿದಾಗ "ನೋಡಿದೆಯಾ?" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ.

ತಪ್ಪು ಎಲ್ಲಿ ಅಂತ ಹುಡುಕಲು ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ತೆಗೆದೆ. ವರ್ಷಕ್ಕೆ ಒಂದೋ ಎರಡೋ ಸಲ ಬರುವ ಖರ್ಚಿಗೆಲ್ಲ ಕೆಂಪು ಗೆರೆ ಎಳೆದೆ. ಕೂಡಿಸಿದರೆ ಇಡೀ ವರ್ಷದ ಖರ್ಚಿನಲ್ಲಿ ಸುಮಾರು 15%! ನಾವು ತಿಂಗಳ ಖರ್ಚು ಅಂದಾಗ ಇದನ್ನು ಸೇರಿಸುವುದೇ ಇಲ್ಲ, ಅಲ್ವಾ? ಆ ಮೊತ್ತವನ್ನು 12ರಿಂದ ಭಾಗಿಸಿ ಪ್ರತಿ ತಿಂಗಳೂ ಎತ್ತಿಟ್ಟೆ. ಎರಡನೇ ಸಲ ಐದು ತಿಂಗಳು ನಡೆಯಿತು. ಸಲೀಸಾಗಿ ಅಲ್ಲ. ನಾಲ್ಕನೇ ತಿಂಗಳು ಮನೆಯಲ್ಲಿ ಎರಡು ಸಲ ಜಗಳವಾಯಿತು. ಆದರೂ ನಡೆಯಿತು. ಬೇರೆ ಖಾತೆಯಲ್ಲಿ ಐದು ತಿಂಗಳ ದುಡ್ಡು ಮುಟ್ಟದೆ ಕೂತಿತ್ತು. ನಮ್ಮ ಮನೆಯವರ ಮುಖ ಆಗ ಸ್ವಲ್ಪ ಸಡಿಲವಾಯಿತು.

ಮಧ್ಯೆ ಇನ್ನೊಂದೆರಡು ಪ್ರಯೋಗ ಮಾಡಿದ್ದೆ. ಇದ್ದ ಕೆಲಸವನ್ನೇ ಇಷ್ಟವಾಗುವ ಹಾಗೆ ಮಾಡಿಕೊಳ್ಳೋಣ ಅಂತ ವಾರಕ್ಕೆ ಒಂದು ದಿನ ಬೆಂಚಿನ ಕೆಲಸ ಕೇಳಿದೆ. ಕೊಟ್ಟರು. ಮೂರು ವಾರ ನಡೆಯಿತು, ನಾಲ್ಕನೇ ವಾರ ಆ ದಿನವನ್ನು ಮೀಟಿಂಗ್ ನುಂಗಿತು. ಆಮೇಲೆ ಭಾನುವಾರ ಮನೆಯಲ್ಲೇ ಹಳೆಯ ತಕ್ಕಡಿಗಳನ್ನು ಸರಿಮಾಡಲು ಶುರು ಮಾಡಿದೆ, ಸುಮ್ನೆ ಖುಷಿಗೆ. ಎರಡು ತಿಂಗಳು ಪ್ಲಸ್ಸೋ ಪ್ಲಸ್. ನಂತರ ಪರಿಚಯದವರು ದುಡ್ಡು ಕೊಟ್ಟು ಮಾಡಿಸಿಕೊಳ್ಳಲು ಬಂದರು, ಪ್ಲಸ್ ಇಳಿಯತೊಡಗಿತು. ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ ಬರೆಸಿದರೆ, ಆಮೇಲೆ ತಾವಾಗಿ ಬರೆಯುವುದು ಕಡಿಮೆಯಾಗುತ್ತದೆ ಅಂತ 1973ರ ಒಂದು ಅಧ್ಯಯನ ಇದೆ. ನನ್ನದೂ ಹಾಗೇ ಇರಬೇಕು ಅಂದುಕೊಂಡೆ. ಆದರೆ ನೋಟ್‌ಬುಕ್ ಬೇರೆ ಹೇಳಿತು. ದುಡ್ಡು ಕೊಟ್ಟವರಲ್ಲಿ "ಯಾವಾಗ ಆಗುತ್ತೆ?" ಅಂತ ದಿನಾ ಕೇಳಿದವರ ಕೆಲಸಕ್ಕೆ ಮಾತ್ರ ಮೈನಸ್ ಬಿದ್ದಿತ್ತು. ಕೇಳದವರದ್ದಕ್ಕೆ ಪ್ಲಸ್ಸೇ. ನನಗೆ ಬೇಡವಾಗಿದ್ದದ್ದು ಸಂಬಳ ಅಲ್ಲ, ಬೆನ್ನ ಹಿಂದೆ ನಿಂತು ಅವಸರ ಮಾಡುವುದು. ಇದು ಗೊತ್ತಾದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಹೋಗಬೇಕೆಂದಿರುವ ಕೆಲಸ ನಿಜವಾಗಿ ಇಷ್ಟವಾಗುತ್ತದಾ ಅಂತ ತಿಳಿಯುವುದು ಎಲ್ಲಕ್ಕಿಂತ ಕಷ್ಟ. ಬಿಟ್ಟು ಬಂದ ಕೆಲಸ ನೆನಪಿನಲ್ಲಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಾನು ನಾಲ್ಕು ದಿನ ರಜೆ ಹಾಕಿ ಹಳೆಯ ಬೆಂಚಿನಲ್ಲಿ ಹೋಗಿ ಕೂತೆ. ಅದಕ್ಕೆ ಅಲ್ಲಿನ ಯಜಮಾನರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಲ್ಲೂ ನೋಟ್‌ಬುಕ್ ಬರೆದೆ. ಬಂದ ಪ್ಲಸ್ಸುಗಳಲ್ಲಿ ಮೂರನೇ ಒಂದು ಭಾಗ ಕಣ್ಣು ಮುಚ್ಚಿ ಕಳೆದೆ. ಬ್ಯಾಲೆನ್ಸ್ ಆನ್ ಮಾಡಿದ ತಕ್ಷಣ ತೋರಿಸುವ ಅಂಕಿಯನ್ನು ನಂಬುವುದಿಲ್ಲ, ಬಿಸಿಯಾಗಲು ಬಿಡುತ್ತೇವೆ. ಹೊಸ ಕೆಲಸದ ಮೊದಲ ಆರೇಳು ವಾರವೂ ಹಾಗೇ. ಎಲ್ಲವೂ ಚೆಂದ ಕಾಣುತ್ತದೆ. ಕಳೆದ ಮೇಲೂ ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲಸ್ ಇತ್ತು.

ಮೂಲೆ ಪರೀಕ್ಷೆಯನ್ನೂ ಮಾಡಿದೆ. ಬಟ್ಟನ್ನು ತಟ್ಟೆಯ ನಡುವೆ ಇಟ್ಟರೂ ಮೂಲೆಯಲ್ಲಿ ಇಟ್ಟರೂ ಯಂತ್ರ ಒಂದೇ ತೂಕ ತೋರಿಸಬೇಕು. ಕೆಲಸದ ಖುಷಿ ಒಬ್ಬ ಒಳ್ಳೆಯ ಬಾಸ್ ಮೇಲೋ, ಒಬ್ಬ ಗೆಳತಿಯ ಮೇಲೋ ಮಾತ್ರ ನಿಂತಿದ್ದರೆ ಅವರು ಹೋದ ದಿನ ಎಲ್ಲ ವಾಲುತ್ತದೆ. ಅವರಿಲ್ಲದ ದಿನದ ಪುಟಗಳನ್ನು ಬೇರೆ ಮಾಡಿ ನೋಡಿ. ನನ್ನ ನಾಲ್ಕು ದಿನಗಳಲ್ಲಿ ಎರಡು ದಿನ ಯಜಮಾನರು ಊರಲ್ಲೇ ಇರಲಿಲ್ಲ. ಪ್ಲಸ್ ಬದಲಾಗಲಿಲ್ಲ.

ವಾಪಸ್ ಸೇರುವಾಗ ಸಂಬಳ 108ಕ್ಕೆ ಒಪ್ಪಿಸಿದೆ. ನಾನು 105 ನಿರೀಕ್ಷಿಸಿದ್ದೆ. ಜೊತೆಗೆ ಒಂದು ಷರತ್ತು: ಯಾವ ಯಂತ್ರ ಯಾವ ದಿನ ಮುಗಿಯುತ್ತದೆ ಅಂತ ಗಿರಾಕಿಗೆ ಹೇಳುವುದು ನಾನೇ, ನನ್ನ ಪರವಾಗಿ ಬೇರೆಯವರು ದಿನ ಕೊಡುವ ಹಾಗಿಲ್ಲ. ಭಾನುವಾರದ ತಕ್ಕಡಿಗಳು ಕಲಿಸಿದ ಪಾಠ ಅದು. ಆ ಕಡೆ, 100ರ ಪ್ರಯೋಗಕ್ಕೆ ಮುಂಚೆ, ತಿಂಗಳಿಗೆ 30 ಉಳಿಯುತ್ತಿತ್ತು, ಈಗ 22 ಉಳಿಯುತ್ತದೆ. ಕಡಿಮೆಯೇ, ಮುಚ್ಚಿಡುವುದಿಲ್ಲ. ಆ 8ಕ್ಕೆ ವಾರಕ್ಕೆ 17 ಗಂಟೆ ವಾಪಸ್ ಸಿಕ್ಕಿದೆ. ಉಳಿದ ಗಂಟೆಗಳಲ್ಲಿ 30ರ ಹತ್ತಿರ ಪ್ಲಸ್.

ಈ ಲೆಕ್ಕ ಎಲ್ಲರನ್ನೂ ಕಡಿಮೆ ಸಂಬಳಕ್ಕೆ ಕಳಿಸುವುದಿಲ್ಲ. ಆಮೇಲೆ ಅಕ್ಕನೇ ನೋಟ್‌ಬುಕ್ ಕೇಳಿ ಇಸಿದುಕೊಂಡಳು. ಅವಳಿಗೆ ಮನೆ ಸಾಲ ಇತ್ತು, ಬಂದ ಆಫರ್ 40% ಜಾಸ್ತಿ. ಇದ್ದ ಕೆಲಸವನ್ನು ತುಂಬಾ ಇಷ್ಟ ಇಷ್ಟ ಅನ್ನುತ್ತಿದ್ದಳು. 8 ವಾರದ ಪುಟಗಳಲ್ಲಿ ಪ್ಲಸ್ ಬಂದದ್ದು ಬರೀ ಊಟದ ಬಿಡುವಿನಲ್ಲಿ, ಗೆಳತಿಯರ ಜೊತೆ. ಹೊಸ ಕಡೆ ಪಾತ್ರೆಯ ತೂಕ ಅಷ್ಟೇನೂ ಏರುತ್ತಿರಲಿಲ್ಲ, ಗಂಟೆಯೂ ಅಷ್ಟೇ. "ಹೋಗು" ಅಂದೆ. ಹೋದಳು, ಚೆನ್ನಾಗಿದ್ದಾಳೆ, ಗೆಳತಿಯರನ್ನು ತಿಂಗಳಿಗೊಮ್ಮೆ ಸಿಗುತ್ತಾಳೆ.

ಯಾರನ್ನಾದರೂ ಅವರ ಕೆಲಸದ ಬಗ್ಗೆ ವಿಚಾರಿಸುವಾಗ "ಕೆಲಸ ಹೇಗಿದೆ?" ಅಂತ ಕೇಳಬೇಡಿ, ಎಲ್ಲರೂ ಪರವಾಗಿಲ್ಲ ಅನ್ನುತ್ತಾರೆ. "ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ?" ಅಂತ ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಇದರ ಜೊತೆಗೆ ಸಂದರ್ಶನದಲ್ಲಿ ನಾನು ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಹೇಳಿದರೆ ಎಲ್ಲರೂ ಕೇಳಲು ಶುರು ಮಾಡುತ್ತಾರೆ, ಆಮೇಲೆ ಯಾರೂ ನಿಜ ಹೇಳುವುದಿಲ್ಲ. ಬೇಡ.

ಹೋದ ತಿಂಗಳು ನನಗೆ ಮತ್ತೊಂದು ಆಫರ್ ಬಂದಿದೆ. 35% ಜಾಸ್ತಿ, ಬೆಂಚಿನ ಕೆಲಸವೂ ಇದೆ ಅನ್ನುತ್ತಾರೆ. ನೋಟ್‌ಬುಕ್ ತೆರೆದು ಮೂರು ವಾರವಾಯಿತು. ಉತ್ತರ ಬೇಗ ಬೇಕು ಅಂತ ಎರಡು ಸಲ ಫೋನ್ ಮಾಡಿದರು. ಇನ್ನೂ ಐದು ವಾರ ಬೇಕು ಅಂತ ಹೇಳಿದ್ದೇನೆ, ಅವರು ಮಾಡಿದ ಆ ಎರಡು ಫೋನುಗಳ ಮುಂದೆ ಮೈನಸ್ ಹಾಕಿಟ್ಟಿದ್ದೇನೆ.