ಒಂದು ಒಜಿಬ್ವೆ ಭಾವಚಿತ್ರದ ಕಾಲವನ್ನು ನಿರ್ಧರಿಸಿದ ಬಗೆ

ಮಿನೆಸೋಟಾದಲ್ಲಿ ನೆಲೆಸಿದ ಮೇಲೆ ಹಳೆಯ ಭಾವಚಿತ್ರಗಳನ್ನು ಸಂಗ್ರಹಿಸುವ ಗೀಳು ಹತ್ತಿಸಿಕೊಂಡ ನನ್ನ ಕೈಗೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ತೆಳು ರಟ್ಟಿಗೆ ಅಂಟಿಸಿದ ಒಂದು ಚಿತ್ರ ಬಂದಿತು. ಕೆಳಗೆ ಪೆನ್ಸಿಲ್ಲಿನಲ್ಲಿ ‘ಹೋಲ್-ಇನ್-ದ-ಡೇ’ ಎಂದಿತ್ತು. ಅದು ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರ ನಾಯಕನೊಬ್ಬನ ಹೆಸರು; ಅವರ ನುಡಿಯಲ್ಲಿ ಬಗೋನೆ-ಗೀಝಿಗ್. ಮಾರಿದವರು ಇದು 1840ರ ದಶಕದ್ದೆಂದು ಹೇಳಿದ್ದರು. ಆ ಮಾತು ನಿಲ್ಲಲಿಲ್ಲ. ತಂದೆ, ಮಗ ಇಬ್ಬರಿಗೂ ಅದೇ ಹೆಸರು; ತಂದೆ ತೀರಿಕೊಂಡದ್ದು 1847ರಲ್ಲಿ, ‘ಕಾರ್ಟ್ ದ ವಿಸಿತ್’ ಎನ್ನುವ ಈ ಅಳತೆಯ ಚಿತ್ರಕ್ಕೆ ಪ್ಯಾರಿಸ್ಸಿನ ಛಾಯಾಗ್ರಾಹಕ ದಿಸ್ದೇರಿ ಪೇಟೆಂಟ್ ಪಡೆದದ್ದು 1854ರಲ್ಲಿ. ಇನ್ನೂ ಹಳೆಯ ಚಿತ್ರವೊಂದರ ನಕಲಲ್ಲದಿದ್ದರೆ, ಇಲ್ಲಿ ಕುಳಿತಿರುವವನು ಮಗನೇ ಆಗಬೇಕು.

ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿದಾಗ ಅಚ್ಚಿನ ಚುಕ್ಕೆಗಳು ಕಾಣಲಿಲ್ಲ; ಮೊಟ್ಟೆಯ ಬಿಳಿಯ ತೆಳು ಲೇಪದಡಿ ಕಾಗದದ ನಾರು ಸ್ಪಷ್ಟವಾಗಿತ್ತು. ಅಲ್ಬುಮಿನ್ ಮುದ್ರಣವೆಂಬುದು ಖಚಿತವಾಯಿತು. ಬೆನ್ನಿನಲ್ಲಿ, ಭಾವಚಿತ್ರಗಳ ಮೇಲೆ ತೆರಿಗೆಯಿದ್ದ ಕಾಲದಲ್ಲಿ ಅಂಟಿಸುತ್ತಿದ್ದ ತೆರಿಗೆ ಚೀಟಿಯಿದ್ದರೆ 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್ ಒಳಗಿನದೆಂದು ಹೇಳಿಬಿಡಬಹುದಿತ್ತು. ಚೀಟಿ ಇರಲಿಲ್ಲ, ಸೇಂಟ್ ಪಾಲ್ ನಗರದ ಜಿಮ್ಮರ್‌ಮನ್ ಸ್ಟುಡಿಯೋದ ಮೊಹರಿತ್ತು. ಇಲ್ಲಿಯೇ ನಾನು ತಡವರಿಸಿದೆ. ಮಗನನ್ನು 1868ರ ಜೂನ್‌ನಲ್ಲಿ ಕ್ರೋ ವಿಂಗ್ ಬಳಿ ಕೊಲ್ಲಲಾಗಿತ್ತು. ಒಜಿಬ್ವೆ ನಾಯಕರ ಅನೇಕ ಭಾವಚಿತ್ರಗಳನ್ನು ತೆಗೆದ ಜೋಯೆಲ್ ವಿಟ್ನಿಯ ಸ್ಟುಡಿಯೋವನ್ನು ಜಿಮ್ಮರ್‌ಮನ್ ಕೊಂಡದ್ದು ಅದಾದ ನಂತರ. ಅವನು ವಿಟ್ನಿಯ ಗಾಜಿನ ನೆಗೆಟಿವ್‌ಗಳಿಂದ ತನ್ನ ಹೆಸರಿನಲ್ಲಿ ಮತ್ತೆ ಪ್ರತಿಗಳನ್ನು ತೆಗೆದು ಮಾರುತ್ತಿದ್ದನೆಂದು ತಿಳಿದ ಮೇಲೆ ಗೊಂದಲ ಬಗೆಹರಿಯಿತು. ಸತ್ತ ನಾಯಕನ ಮುಖ ಅಂಗಡಿಯ ಸರಕಾಗಿ ಉಳಿದಿತ್ತು.

ಬಣ್ಣದ ವಿಷಯದಲ್ಲಿ ನಾನೇ ಎಡವಿದ್ದೆ. ಭುಜಕ್ಕೆ ಇಳಿಬಿಟ್ಟ ಮಣಿಚೀಲದ ಹಿನ್ನೆಲೆ ‘ಬಿಳಿ’, ಹೊದ್ದ ಕಂಬಳಿ ‘ಕಪ್ಪು’ ಎಂದು ನನ್ನ ಸಂಗ್ರಹದ ವಿವರದ ಕಾರ್ಡಿನಲ್ಲಿ ಬರೆದಿಟ್ಟಿದ್ದೆ. ಅಂದು ನೆಗೆಟಿವ್ ತೆಗೆಯಲು ಬಳಸುತ್ತಿದ್ದ, ಕೊಲೋಡಿಯನ್ ಎಂಬ ರಾಸಾಯನಿಕದ ಒದ್ದೆ ಲೇಪವಿದ್ದ ಗಾಜಿನ ಫಲಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಟ್ಟುತ್ತಿತ್ತು, ಕೆಂಪು ತಟ್ಟುತ್ತಲೇ ಇರಲಿಲ್ಲ. ಹಾಗಾಗಿ ನೀಲಿ ಮಣಿ ಬೆಳ್ಳಗೆ, ಕೆಂಪು ಬಟ್ಟೆ ಕಪ್ಪಗೆ ಕಾಣುವುದು ಸಹಜ. ಎರಡೂ ಪದಗಳನ್ನು ಹೊಡೆದು ‘ತಿಳಿ’, ‘ಗಾಢ’ ಎಂದು ತಿದ್ದಿದೆ. ಕಾಲದ ಜಾಗದಲ್ಲಿ ಈಗ ಎರಡು ನಮೂದುಗಳಿವೆ: ಕುಳಿತದ್ದು 1868ಕ್ಕೆ ಮೊದಲು, ಪ್ರತಿ ತೆಗೆದದ್ದು ಆಮೇಲೆ. ಪೆನ್ಸಿಲ್ಲಿನ ಬರಹ ಯಾರದೆಂದು ಗೊತ್ತಾಗುವವರೆಗೂ ಹೆಸರಿನ ಮುಂದಿನ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸುವುದಿಲ್ಲ.