ಪಾಸ್‌ಪೋರ್ಟ್ ಅಮೆರಿಕದ್ದು, ಬೆಳೆದದ್ದು ಮೈಸೂರಿನಲ್ಲಿ: ಸಂಸಾರ ಕಟ್ಟಿಕೊಂಡು ಮಿಶಿಗನ್‌ಗೆ ಹೋದ ನನ್ನ ಅನುಭವ

ನಾನು ಹುಟ್ಟಿದ್ದು 1985ರಲ್ಲಿ, ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ಅಪ್ಪ ಅಲ್ಲಿ ಪಿಎಚ್.ಡಿ ಮಾಡುತ್ತಿದ್ದರು. ನನಗೆ ನಾಲ್ಕು ತುಂಬುವ ಮೊದಲೇ ಎಲ್ಲರೂ ಮೈಸೂರಿಗೆ ವಾಪಸ್ ಬಂದೆವು. ಆಮೇಲೆ ಸರಸ್ವತಿಪುರಂ, ಶಾಲೆ, ಕಾಲೇಜು, ಮದುವೆ, ಇಬ್ಬರು ಮಕ್ಕಳು, ಎಲ್ಲ ಮೈಸೂರಿನಲ್ಲೇ. ಆನ್ ಆರ್ಬರ್ ಅಂದರೆ ನನಗೆ ಆಲ್ಬಮ್‌ನಲ್ಲಿರುವ ಒಂದು ಫೋಟೋ. ಹಿಮದ ಮಧ್ಯೆ ಅಮ್ಮ ಸೀರೆ ಮೇಲೆ ಅಪ್ಪನ ದಪ್ಪ ಕೋಟು ಹಾಕಿಕೊಂಡು ನಿಂತಿದ್ದಾರೆ, ಸೊಂಟದ ಮೇಲೆ ನಾನು.

ಹುಟ್ಟಿದ ಕಾರಣಕ್ಕೆ ನಾನು ಅಮೆರಿಕದ ಪ್ರಜೆ. ನಮ್ಮ ಕಡೆ ಇದನ್ನು ಡ್ಯುಯಲ್ ಸಿಟಿಜನ್‌ಶಿಪ್ ಅಂತ ಕರೆಯುತ್ತಾರೆ. ನಮ್ಮ ನೆಂಟರೆಲ್ಲ ಹಾಗೇ ಅಂದುಕೊಂಡಿದ್ದರು, 'ನಿನಗೇನಮ್ಮ, ಎರಡೂ ಕಡೆ ಇದೆ' ಅನ್ನುತ್ತಿದ್ದರು. ಆದರೆ ಭಾರತದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ನನ್ನ ಹತ್ತಿರ ಇರುವುದು ಅಮೆರಿಕದ ಪಾಸ್‌ಪೋರ್ಟ್ ಮತ್ತು ಓಸಿಐ ಕಾರ್ಡ್. ಓಸಿಐ ಅಂದರೆ ಜೀವನಪೂರ್ತಿ ಭಾರತದಲ್ಲಿ ಇರಬಹುದು, ಕೆಲಸ ಮಾಡಬಹುದು. ಆದರೆ ವೋಟು ಹಾಕುವ ಹಾಗಿಲ್ಲ, ಸರ್ಕಾರಿ ಕೆಲಸ ಸಿಗುವುದಿಲ್ಲ, ಹೊಲ ತೋಟ ಕೊಳ್ಳುವ ಹಾಗಿಲ್ಲ. ಪ್ರತಿ ಚುನಾವಣೆಯ ದಿನ ಮನೆಯವರೆಲ್ಲ ಬೆಳಿಗ್ಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುತ್ತಿದ್ದರು. ನಾನು ಅಷ್ಟರಲ್ಲಿ ತಿಂಡಿ ಮಾಡಿಟ್ಟಿರುತ್ತಿದ್ದೆ. ಆ ಶಾಯಿ ತಯಾರಾಗುವುದೂ ನಮ್ಮ ಮೈಸೂರಿನಲ್ಲೇ. ನನ್ನ ಬೆರಳಿಗೆ ಮಾತ್ರ ಅದು ಯಾವತ್ತೂ ಹತ್ತಲಿಲ್ಲ.

2021ರಲ್ಲಿ ನನ್ನ ಗಂಡನಿಗೆ ಹೊರಗೆ ಹೋಗುವ ಮನಸ್ಸಾಯಿತು. ಅವರು ಮೆಕ್ಯಾನಿಕಲ್ ಇಂಜಿನಿಯರ್, ಕಾರಿನ ಬಿಡಿಭಾಗಗಳ ಕೆಲಸ. ಡೆಟ್ರಾಯಿಟ್ ಸುತ್ತಮುತ್ತ ಆ ಕೆಲಸಕ್ಕೆ ಕೊರತೆ ಇಲ್ಲ. ಪಕ್ಕದ ನೋವೈ ಊರಿನಲ್ಲಿ ನನ್ನ ದೊಡ್ಡಪ್ಪನ ಮಗ, ನನ್ನ ಅಣ್ಣ, ಇಪ್ಪತ್ತು ವರ್ಷದಿಂದ ಇದ್ದಾನೆ. ನಾನು ಪ್ರಜೆ, ಮಕ್ಕಳೂ ತಾನಾಗೇ ಪ್ರಜೆಗಳು, ಗಂಡನಿಗೊಂದು ವೀಸಾ ಆದರೆ ಸಾಕು ಅಂದುಕೊಂಡಿದ್ದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಲೆಕ್ಕ ಇದೇ. ನನ್ನ ಹಾಗೆ ಅಮೆರಿಕದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದವರು ಇದನ್ನು ಮೊದಲೇ ತಿಳಿದುಕೊಳ್ಳಲಿ ಅಂತಲೇ ಬರೆಯುತ್ತಿದ್ದೇನೆ.

ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸೋಣ ಅಂತ ಅರ್ಜಿ ತೆರೆದೆ. ಕರ್ನಾಟಕದವರಿಗೆ ಈ ಕೆಲಸ ಚೆನ್ನೈ ದೂತಾವಾಸದಲ್ಲಿ. ಅರ್ಜಿಯ ಒಂದು ಪುಟದಲ್ಲಿ, ನೀವು ಅಮೆರಿಕದಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಅಂತ ಕೇಳುತ್ತಾರೆ. ಒಂದೇ ಸಾಲು ತುಂಬಿದೆ, 1985ರಿಂದ 1989. ನಿಯಮ ಆಮೇಲೆ ಓದಿದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರು ಮಾತ್ರ ಪ್ರಜೆಯಾಗಿದ್ದು ಮಗು ಹೊರದೇಶದಲ್ಲಿ ಹುಟ್ಟಿದರೆ, ಆ ಒಬ್ಬರು ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ ಅಮೆರಿಕದಲ್ಲಿ ಇದ್ದಿರಬೇಕು. ಅದರಲ್ಲಿ 2 ವರ್ಷವಾದರೂ ಹದಿನಾಲ್ಕು ತುಂಬಿದ ಮೇಲಿನದ್ದಾಗಿರಬೇಕು. ನನ್ನದು ನಾಲ್ಕು ವರ್ಷವೂ ತುಂಬಿಲ್ಲ. ಹದಿನಾಲ್ಕರ ಮೇಲೆ ಸೊನ್ನೆ. ಪೌರತ್ವ ನನ್ನಲ್ಲೇ ನಿಂತುಹೋಗಿತ್ತು, ಮಕ್ಕಳಿಗೆ ದಾಟಿರಲಿಲ್ಲ.

ಅಜ್ಜ ಅಜ್ಜಿ ಪ್ರಜೆಗಳಾಗಿದ್ದು ಅಲ್ಲಿ ಅಷ್ಟು ವರ್ಷ ಇದ್ದಿದ್ದರೆ ಬೇರೊಂದು ದಾರಿ ಇದೆ. ನಮ್ಮ ಅಪ್ಪ ಅಮ್ಮ ಯಾವತ್ತೂ ಭಾರತೀಯರೇ, ಹಾಗಾಗಿ ಆ ದಾರಿಯೂ ಇರಲಿಲ್ಲ.

ಉಳಿದದ್ದು ಒಂದೇ. ಗಂಡ ಮಕ್ಕಳಿಗೆ ನಾನೇ ಐ-130, ಅಂದರೆ ಪ್ರಜೆ ತನ್ನ ಸಂಬಂಧಿಕರನ್ನು ಕರೆಸಿಕೊಳ್ಳುವ ಅರ್ಜಿ ಹಾಕಿ, ವಲಸೆ ವೀಸಾ ಮೇಲೆ ಕರೆದುಕೊಂಡು ಹೋಗುವುದು. ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಮೂವರಿಗೆ ಮೂರು ಅರ್ಜಿ. ಕೆಲಸದ ವೀಸಾದಲ್ಲಿ ಹೋಗುವವರಿಗೆ ಗಂಡನ ಫೈಲಿನಲ್ಲೇ ಹೆಂಡತಿ ಮಕ್ಕಳು ಸೇರಿಕೊಳ್ಳುತ್ತಾರೆ. ಪ್ರಜೆಯ ಹತ್ತಿರದ ಸಂಬಂಧಿಕರಿಗೆ ಹಾಗಿಲ್ಲ, ಒಬ್ಬೊಬ್ಬರಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ನಮಗೆ ಗೊತ್ತಿರುವ ಒಂದು ಸಂಸಾರ ಗಂಡನಿಗೆ ಮಾತ್ರ ಹಾಕಿ, ವರ್ಷ ಕಳೆದ ಮೇಲೆ ಮಕ್ಕಳಿಗೆ ಮೊದಲಿನಿಂದ ಶುರು ಮಾಡಬೇಕಾಯಿತು. 2022ರ ಫೆಬ್ರವರಿಯಲ್ಲಿ ನಾನು ಮೂರನ್ನೂ ಒಂದೇ ದಿನ ಹಾಕಿದೆ.

ಇನ್ನೊಂದು ತೊಡಕು ಬಂತು. ಕರೆಸಿಕೊಳ್ಳುವವರು ಅಮೆರಿಕದಲ್ಲಿ ವಾಸ ಇರಬೇಕು, ಇಲ್ಲವೇ ಅವರ ಜೊತೆಯಲ್ಲೇ ಹೋಗಿ ನೆಲೆಸುತ್ತೇನೆ ಅನ್ನುವುದನ್ನು ತೋರಿಸಬೇಕು. ಬಾಯಿಮಾತು ಸಾಲದು. ಬ್ಯಾಂಕ್ ಖಾತೆ, ವಿಳಾಸ, ಮಕ್ಕಳ ಶಾಲೆಯ ವಿಚಾರಣೆ, ಕೆಲಸ ಹುಡುಕಿದ ಪತ್ರ, ಇಂಥದ್ದೆಲ್ಲ ಬೇಕು. ಜೊತೆಗೆ ನನ್ನ ಆದಾಯ ಅಲ್ಲಿನ ಬಡತನ ರೇಖೆಯ 125 ಪ್ರತಿಶತ ಮುಟ್ಟಬೇಕು. ಮೈಸೂರಿನ ಸಂಬಳ ಅಲ್ಲಿಗೆ ಬಂದ ಮೇಲೆ ಇರುವುದಿಲ್ಲವಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣ ಜೊತೆಯಲ್ಲಿ ಜಾಮೀನು ನಿಂತ. ಮಕ್ಕಳಿಗೆ ಈ ಜಾಮೀನು ಪತ್ರ ಬೇಕಾಗಲಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಹೀಗೆ 2022ರ ಬೇಸಿಗೆಯಲ್ಲಿ ನಾನೊಬ್ಬಳೇ ಆರು ವಾರ ನೋವೈಗೆ ಹೋಗಿ ಅಣ್ಣ ಅತ್ತಿಗೆಯ ಮನೆಯಲ್ಲಿದ್ದೆ. ಮುಖ್ಯ ಕೆಲಸ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸರ್ಕಾರಿ ಸಂಖ್ಯೆ. ಈಗ ಅಲ್ಲಿ ಹುಟ್ಟುವ ಮಕ್ಕಳಿಗೆ ಆಸ್ಪತ್ರೆಯಲ್ಲೇ ಅರ್ಜಿ ಹೋಗುತ್ತದೆ. 1985ರಲ್ಲಿ ಹಾಗಿರಲಿಲ್ಲ, ಅಪ್ಪನೂ ಮಾಡಿಸಿರಲಿಲ್ಲ. ದೊಡ್ಡವರಾದ ಮೇಲೆ ಮೊದಲ ಸಲ ನಂಬರ್ ಕೇಳಿದರೆ, ಇಷ್ಟು ವರ್ಷ ನಿಮಗೆ ನಂಬರ್ ಇರಲೇ ಇಲ್ಲ ಅನ್ನುವುದಕ್ಕೆ ಸಾಕ್ಷಿ ಕೇಳುತ್ತಾರೆ. ಅಂದರೆ, ನಾನು ಈ ದೇಶದಲ್ಲಿ ಇರಲಿಲ್ಲ ಅಂತ ನಾನೇ ತೋರಿಸಬೇಕು.

ಆ ಕೌಂಟರಿನ ಹೆಂಗಸು ನನ್ನ ಪಾಸ್‌ಪೋರ್ಟ್ ನೋಡಿದರು, ಹುಟ್ಟಿದ ಜಾಗ ಮಿಶಿಗನ್ ಅಂತ ಓದಿದರು, ನನ್ನ ಮುಖ ನೋಡಿದರು. ಅರ್ಧ ಗಂಟೆ ಡ್ರೈವ್ ಮಾಡಿದರೆ ನಾನು ಹುಟ್ಟಿದ ಆಸ್ಪತ್ರೆ. 'ಇಷ್ಟು ದಿನ ಎಲ್ಲಿದ್ದಿರಿ?' ಅಂತ ಮೆತ್ತಗೆ ಕೇಳಿದರು. ನಾನು ಫೈಲಿನಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದುಕೊಟ್ಟೆ. ಜೊತೆಗೆ ಶಾಲೆಯ ಟಿ.ಸಿ., ಡಿಗ್ರಿ ಸರ್ಟಿಫಿಕೇಟು, ಸಂಬಳದ ಪತ್ರ. ಅವರು ಮಾರ್ಕ್ಸ್ ಕಾರ್ಡನ್ನೇ ಜಾಸ್ತಿ ಹೊತ್ತು ಹಿಡಿದುಕೊಂಡರು. ಬೆರಳು ಪ್ರಥಮ ಭಾಷೆ ಕನ್ನಡ ಅನ್ನುವ ಸಾಲಿನ ಮೇಲೆ ನಿಂತಿತು. ಮಡಿಸಿ ಮಡಿಸಿ ಮಧ್ಯದಲ್ಲಿ ಹರಿದು, ಅಮ್ಮ ಹಿಂದಿನಿಂದ ಟೇಪು ಹಚ್ಚಿದ್ದ ಹಾಳೆ ಅದು. ಎರಡು ವಾರದಲ್ಲಿ ನಂಬರ್ ಬಂತು. ನಿಮ್ಮ ಹಳೆಯ ಶಾಲೆ ಕಾಗದಗಳನ್ನು ದಯವಿಟ್ಟು ಎಸೆಯಬೇಡಿ.

ನಂಬರ್ ಬಂದ ಮೇಲೆ ತೆರಿಗೆಯ ವಿಷಯ. ಅಮೆರಿಕದ ಪ್ರಜೆ ಎಲ್ಲೇ ಇದ್ದರೂ ಅಲ್ಲಿಗೆ ತೆರಿಗೆ ಲೆಕ್ಕ ಸಲ್ಲಿಸಬೇಕು. ನನಗೆ ಇದು ಗೊತ್ತೇ ಇರಲಿಲ್ಲ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅನ್ನುವ ವರದಿಯನ್ನೂ ಕೊಡಬೇಕು. ಗೊತ್ತಿಲ್ಲದೆ ಬಿಟ್ಟವರಿಗೆ ಸ್ಟ್ರೀಮ್‌ಲೈನ್ಡ್ ಅನ್ನುವ ವ್ಯವಸ್ಥೆ ಇದೆ: ಹಿಂದಿನ 3 ವರ್ಷದ ರಿಟರ್ನ್ಸ್, 6 ವರ್ಷದ ಎಫ್‌ಬಾರ್, ಜೊತೆಗೆ ಯಾಕೆ ಬಿಟ್ಟೆ ಅನ್ನುವ ವಿವರಣೆ. ನಾನು ಹೀಗೇ ಸರಿಮಾಡಿಕೊಂಡೆ. ಕಟ್ಟಬೇಕಾದ ತೆರಿಗೆ ಏನೂ ಬರಲಿಲ್ಲ, ಆದರೆ ಮೂರು ತಿಂಗಳು ನಿದ್ದೆ ಸರಿಯಾಗಿರಲಿಲ್ಲ. ನಮ್ಮ ಮ್ಯೂಚುಯಲ್ ಫಂಡುಗಳನ್ನು ಅಲ್ಲಿನ ತೆರಿಗೆ ಇಲಾಖೆ ತುಂಬ ಬಿಗಿಯಾಗಿ ನೋಡುತ್ತದೆ, ಒಂದೊಂದು ಫಂಡಿಗೂ ಬೇರೆ ಫಾರಂ. ಗಂಡನ ಹೆಸರಿನಲ್ಲಿದ್ದದ್ದನ್ನು ಹೊರಡುವ ಮೊದಲೇ ಮಾರಿದೆವು. ಎರಡೂ ದೇಶದ ಲೆಕ್ಕ ಬಲ್ಲ ಆಡಿಟರನ್ನು ಹಿಡಿಯಿರಿ, ಇದರಲ್ಲಿ ದುಡ್ಡು ಉಳಿಸಲು ನೋಡಬೇಡಿ.

ಕಾಗದಪತ್ರಗಳಲ್ಲಿ ನಮಗೆ ಕಷ್ಟ ಕೊಟ್ಟಿದ್ದು ಹೆಸರುಗಳು. ಗಂಡನ ಇನಿಶಿಯಲ್ ಒಂದು ಕಡೆ ಊರು, ಇನ್ನೊಂದು ಕಡೆ ಅಪ್ಪನ ಹೆಸರು. ಮಗನ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರಲಿಲ್ಲ, ನಾಮಕರಣಕ್ಕೆ ಮುಂಚೆ ತೆಗೆದುಕೊಂಡಿದ್ದು. ಎಲ್ಲ ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ಮದುವೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಿದ್ದರಿಂದ ಅದೊಂದು ಸಲೀಸಾಯಿತು. ನನ್ನದೇ ಹುಟ್ಟಿನ ಕಾಗದ ಅಂತ ಅಮ್ಮ ಜೋಪಾನ ಮಾಡಿದ್ದು ಆಸ್ಪತ್ರೆಯವರು ನೆನಪಿಗೆ ಕೊಟ್ಟ ಹಾಳೆ. ಅದರಲ್ಲಿ ನನ್ನ ಎರಡು ಪುಟ್ಟ ಪಾದಗಳ ಗುರುತಿದೆ. ನೋಡಲು ಚೆಂದ, ಕಾನೂನಿಗೆ ನಡೆಯುವುದಿಲ್ಲ. ಆನ್ ಆರ್ಬರ್ ಇರುವ ವಾಶ್ಟೆನಾ ಕೌಂಟಿಯಿಂದ ಅಸಲಿ ಪ್ರತಿ ತರಿಸಿಕೊಂಡೆ.

2024ರ ಜನವರಿಯಲ್ಲಿ ಮುಂಬೈನಲ್ಲಿ ವೈದ್ಯಕೀಯ ಪರೀಕ್ಷೆ, ಆಮೇಲೆ ಬಾಂದ್ರಾ ಕುರ್ಲಾದ ದೂತಾವಾಸದಲ್ಲಿ ಸಂದರ್ಶನ. ಚಿಕ್ಕ ಮಕ್ಕಳಿಗೂ ಕ್ಷಯಕ್ಕೆ ರಕ್ತ ಪರೀಕ್ಷೆ ಇರುತ್ತದೆ, ಮೊದಲೇ ಹೇಳಿ ಸಿದ್ಧ ಮಾಡಿ. ತಾಯಿ ಕಾರ್ಡ್ ಜೊತೆಯಲ್ಲಿದ್ದುದರಿಂದ ಹಾಕಿಸಿದ ಚುಚ್ಚುಮದ್ದನ್ನೇ ಮತ್ತೆ ಹಾಕಿಸುವುದು ತಪ್ಪಿತು. ವೀಸಾ ಅವಧಿ ವೈದ್ಯಕೀಯ ಪರೀಕ್ಷೆಯಿಂದ ಆರು ತಿಂಗಳು. ಶಾಲೆಯ ವರ್ಷ ಮುಗಿಯುವುದಕ್ಕೆ ಅದು ಸರಿಹೋಯಿತು.

ಈಗ ಮಕ್ಕಳ ವಿಷಯ. 2001ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಹದಿನೆಂಟರ ಒಳಗಿನ ಮಗು ವಲಸೆ ವೀಸಾದ ಮೇಲೆ ಪ್ರಜೆಯಾದ ಅಪ್ಪ ಅಥವಾ ಅಮ್ಮನ ಜೊತೆ ವಾಸಕ್ಕೆ ಬಂದರೆ, ಒಳಗೆ ಬಿಟ್ಟ ಕ್ಷಣದಿಂದ ಅದೂ ಪ್ರಜೆ. ಅರ್ಜಿ ಇಲ್ಲ, ಪ್ರಮಾಣವಚನ ಇಲ್ಲ. ಜಾಮೀನು ಪತ್ರ ಬೇಡವಾದದ್ದು ಇದಕ್ಕೇ. ಆದರೆ ಇದರ ಇನ್ನೊಂದು ಮುಖವನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಆಮೇಲೆ ಅವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಪಡೆಯಬೇಕು. ನಾನು ಹೊರಡುವ ಮೊದಲೇ ಹೇಳಬೇಕು ಅಂತ ತೀರ್ಮಾನ ಮಾಡಿದೆ. ಹೇಳಿದ್ದು ಏಪ್ರಿಲ್ 26ರಂದು, ಲೋಕಸಭೆ ಚುನಾವಣೆಯ ದಿನ. ಗಂಡ ವೋಟು ಹಾಕಿ ಬಂದಿದ್ದರು. ಹನ್ನೊಂದು ವರ್ಷದ ಮಗಳು ಅವರ ಬೆರಳು ಹಿಡಿದುಕೊಂಡು ಕೂತಿದ್ದಳು.

'ಹಾಗಾದ್ರೆ ನಾನು ದೊಡ್ಡೋಳಾದ್ಮೇಲೆ ಇಲ್ಲಿ ವೋಟ್ ಹಾಕೋಕಾಗಲ್ವಾ ಅಮ್ಮಾ? ನಿನ್ ಥರ ಮನೇಲಿ ಇರಬೇಕಾ?'

ಹೌದು ಅಂದೆ. ಅಲ್ಲಿ ಹಾಕಬಹುದು ಅಂತಲೂ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದಳು. ರಾತ್ರಿ ನನ್ನ ಅತ್ತೆಯ ಪಕ್ಕದಲ್ಲಿ ಮಲಗಿಕೊಂಡು ಅತ್ತಳಂತೆ. ನನಗೆ ಈಗಲೂ ಅನ್ನಿಸುವುದು, ಹೇಳಿದ್ದು ಸರಿ. ಹೇಳದೆ ಕರೆದುಕೊಂಡು ಬಂದು, ಒಂದು ದಿನ ರದ್ದಾದ ಪಾಸ್‌ಪೋರ್ಟ್ ಕೈಗೆ ಕೊಟ್ಟಿದ್ದರೆ ಅವಳು ನನ್ನನ್ನು ಹೇಗೆ ನಂಬುತ್ತಿದ್ದಳು?

ಮೇ 18ರಂದು ಫ್ರಾಂಕ್‌ಫರ್ಟ್ ಮೂಲಕ ಡೆಟ್ರಾಯಿಟ್‌ಗೆ ಇಳಿದೆವು. ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿ 'ವೆಲ್‌ಕಮ್ ಹೋಮ್' ಅಂದರು. ಆ ಊರಿನಲ್ಲಿ ನನಗೆ ಗೊತ್ತಿದ್ದದ್ದು ಅಣ್ಣನ ಮನೆಯ ದಾರಿ ಮಾತ್ರ. ಗಂಡ ಬೆರಳಚ್ಚು ಕೊಡಲು ಕೈ ಇಟ್ಟರು. ಉಗುರಿನ ಮೇಲೆ ಮೈಸೂರಿನ ಶಾಯಿ ಇನ್ನೂ ಕಪ್ಪಗೆ ಇತ್ತು. ಅಧಿಕಾರಿ ಗಾಯವೇನೋ ಅಂತ ಕೇಳಿದರು. ಮಗಳೇ ಮುಂದೆ ಬಂದು ಇಂಗ್ಲಿಷಿನಲ್ಲಿ ವಿವರಿಸಿದಳು: ಅದು ವೋಟು ಹಾಕಿದ ಗುರುತು, ನಮ್ಮೂರಿನಲ್ಲೇ ಮಾಡುತ್ತಾರೆ, ತೊಳೆದರೂ ಹೋಗುವುದಿಲ್ಲ.

ಬಂದ ಮೇಲಿನ ಕೆಲಸಗಳು ಬಹಳ ಬೇಗ ಮುಗಿಯುತ್ತವೆ ಅಂದುಕೊಳ್ಳಬೇಡಿ. ಪ್ರಜೆಯಾದರೂ ನನಗೆ ಕ್ರೆಡಿಟ್ ಚರಿತ್ರೆ ಇರಲಿಲ್ಲ, ಬಾಡಿಗೆ ಮನೆಗೆ ಅಣ್ಣನೇ ಸಹಿ ಹಾಕಬೇಕಾಯಿತು. ಡ್ರೈವಿಂಗ್ ಲೈಸೆನ್ಸಿಗೆ ಇಬ್ಬರೂ ಪರೀಕ್ಷೆ ಬರೆದೆವು. ಹೊರದೇಶದಿಂದ ಬಂದು ನೆಲೆಸುವವರು 60 ದಿನದೊಳಗೆ ಆರೋಗ್ಯ ವಿಮೆ ಮಾಡಿಸಿಕೊಳ್ಳಬಹುದು, ಆ ಗಡುವು ಮಾತ್ರ ತಪ್ಪಿಸಬೇಡಿ. ಮಕ್ಕಳಿಗೆ ಅಂಚೆಯಲ್ಲಿ ಗ್ರೀನ್ ಕಾರ್ಡ್ ಬಂತು. ಆ ಹೊತ್ತಿಗೆ ಅವರು ಪ್ರಜೆಗಳಾಗಿದ್ದರು, ಆದರೂ ಕಾರ್ಡ್ ಬರುತ್ತದೆ, ಗಾಬರಿ ಬೇಡ. ಇಬ್ಬರಿಗೂ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಶಿಕಾಗೋದ ಭಾರತೀಯ ದೂತಾವಾಸದ ಮೂಲಕ ಹಳೆಯದನ್ನು ಒಪ್ಪಿಸಿದೆವು.

ಆ ನವೆಂಬರಿನಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ನಾನು ಮೊದಲ ಸಲ ವೋಟು ಹಾಕಿದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಇಲ್ಲಿ ಶಾಯಿ ಇಲ್ಲ, ಒಂದು ಸ್ಟಿಕ್ಕರ್ ಕೊಡುತ್ತಾರೆ. ಅದನ್ನು ಅವಳು ತನ್ನ ಅಂಗಿಗೆ ಅಲ್ಲ, ನನ್ನ ಬೆರಳಿಗೆ ಸುತ್ತಿದಳು.

ಈಗ ಅಡುಗೆಮನೆಯ ಡ್ರಾಯರಿನಲ್ಲಿ ಎರಡು ಫೈಲು ಇಟ್ಟಿದ್ದೇನೆ, ಮಗಳಿಗೊಂದು, ಮಗನಿಗೊಂದು. ಶಾಲೆಯ ರಿಪೋರ್ಟು, ಚುಚ್ಚುಮದ್ದಿನ ಚೀಟಿ, ಹಲ್ಲಿನ ಡಾಕ್ಟರ ಬಿಲ್ಲು, ಯಾವುದನ್ನೂ ಎಸೆಯುವುದಿಲ್ಲ. ಬೇಸಿಗೆಯಲ್ಲಿ ಮೈಸೂರಿಗೆ ಹೋದ ತಾರೀಖು, ಬಂದ ತಾರೀಖು ಬರೆದಿಡುತ್ತೇನೆ. ನನಗಿದ್ದ ಅದೇ ಲೆಕ್ಕ ಅವರಿಗೂ ಇದೆ, 5 ವರ್ಷ, ಅದರಲ್ಲಿ 2 ಹದಿನಾಲ್ಕರ ಮೇಲೆ. ನಾಳೆ ಅವರು ಮೈಸೂರಿನಲ್ಲೇ ಸಂಸಾರ ಹೂಡಿದರೂ ಅವರ ಮಕ್ಕಳಿಗೆ ಈ ಹಾಳೆಗಳು ಬೇಕಾಗಬಹುದು. ಮಗಳ ಫೈಲಿನ ಮೊದಲ ಪುಟದಲ್ಲಿ ಅವಳೇ ಕನ್ನಡದಲ್ಲಿ ಬರೆದಿದ್ದಾಳೆ: ಬಂದ ದಿನ, 18 ಮೇ 2024, ಶನಿವಾರ.